ಕ್ಲೇ ತಟ್ಟೆಗಳ ಗುರಿಯಾಟಕ್ಕೆ ಸೆಮಿ ಆಟೊಮ್ಯಾಟಿಕ್ ಕೋವಿಯನ್ನು ಆರಿಸುವ ಬಗೆ

ಒಂದು ತೋಟಾ ಹಾರಿದೊಡನೆ ಮುಂದಿನದನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದು ಎಷ್ಟು ತೋಟಾ ಹಿಡಿಯುತ್ತದೆ, ಎಷ್ಟು ಬೇಗ ಹಾರಿಸುತ್ತದೆ ಎಂಬುದನ್ನು. ಹಾರುವ ಕ್ಲೇ ತಟ್ಟೆಗಳನ್ನು ಒಡೆಯುವ ಆಟಗಳ ಮಟ್ಟಿಗೆ ಈ ಎರಡೂ ಪ್ರಶ್ನೆಗಳಿಗೆ ಹೆಚ್ಚಿನ ಬೆಲೆಯಿಲ್ಲ. ಟ್ರ್ಯಾಪ್, ಸ್ಕೀಟ್, ಸ್ಪೋರ್ಟಿಂಗ್ ಇವುಗಳಲ್ಲಿ ಯಾವುದನ್ನು ಆಡಿದರೂ ಒಂದು ಸರದಿಯಲ್ಲಿ ಕೋವಿಗೆ ತುಂಬುವುದು ಒಂದು ಅಥವಾ ಎರಡು ತೋಟಾ ಮಾತ್ರ. ಅಷ್ಟನ್ನು ಜೋಡುನಳಿಗೆ ಕೋವಿಯೂ ಅಷ್ಟೇ ಚುರುಕಾಗಿ ಹಾರಿಸಬಲ್ಲದು. ಸೆಮಿ ಆಟೊಮ್ಯಾಟಿಕ್ ಕೋವಿಯ ನಿಜವಾದ ಉಪಕಾರವೆಲ್ಲ ಭುಜಕ್ಕೆ. ಒಂದೇ ದಿನದಲ್ಲಿ ನೂರು, ನೂರಿಪ್ಪತ್ತೈದು ತೋಟಾ ಹಾರಿಸುವವರ ಮೈ ಕೊನೆಯ ಸುತ್ತಿನ ಹೊತ್ತಿಗೆ ದಣಿದಿರುತ್ತದೆ. ಆಗ ಒದೆತಕ್ಕೆ ಹೆದರಿ ಕಣ್ಣು ಮುಚ್ಚುವುದು, ಗುಂಡು ಹಾರುವ ಮುನ್ನವೇ ಕೆನ್ನೆಯನ್ನು ಮೇಲೆತ್ತುವುದು ಶುರುವಾಗುತ್ತದೆ. ಇದನ್ನು ತಡೆಯುವ ಗುಣವೇ ಈ ಬಗೆಯ ಕೋವಿಯನ್ನು ಕೊಳ್ಳಲು ಇರುವ ಮುಖ್ಯ ಕಾರಣ. ಆದ್ದರಿಂದ ಆಯ್ಕೆಯ ಪ್ರತಿ ಹಂತದಲ್ಲಿಯೂ, ಈ ಕೋವಿ ನನ್ನ ಮೈಗೆ ಹೊಂದುತ್ತದೆಯೇ, ನಾನು ಹಾರಿಸುವ ತೋಟಾದೊಂದಿಗೆ ತಪ್ಪದೆ ಕೆಲಸ ಮಾಡುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಒಳ್ಳೆಯದು.

ಇವಕ್ಕೂ ಮೊದಲು ಮುಗಿಸಬೇಕಾದ ಕೆಲಸವೊಂದಿದೆ. ಸೆಮಿ ಆಟೊಮ್ಯಾಟಿಕ್ ಕೋವಿಗಳನ್ನು ಕುರಿತ ಕಾನೂನು ದೇಶದಿಂದ ದೇಶಕ್ಕೆ ಬಹಳ ವ್ಯತ್ಯಾಸವಾಗುತ್ತದೆ. ಕೆಲವೆಡೆ ಮ್ಯಾಗಜೀನ್‌ನಲ್ಲಿ, ಅಂದರೆ ತೋಟಾಗಳನ್ನು ತುಂಬಿಡುವ ಕೊಳವೆಯಲ್ಲಿ, ಹಿಡಿಯುವ ತೋಟಾಗಳ ಸಂಖ್ಯೆಗೆ ಮಿತಿಯಿದೆ, ಕೆಲವೆಡೆ ಇದಕ್ಕೆ ಬೇರೆಯೇ ದರ್ಜೆಯ ಲೈಸೆನ್ಸ್ ಬೇಕು, ಕೆಲವೆಡೆ ಸಾಮಾನ್ಯ ನಾಗರಿಕರಿಗೆ ಅನುಮತಿಯೇ ದೊರೆಯುವುದಿಲ್ಲ. ಲೈಸೆನ್ಸ್ ಅಧಿಕಾರಿಗಳಿಂದ ಮತ್ತು ತಾವು ಆಡಲಿರುವ ಕ್ಲಬ್ಬಿನಿಂದ ನಿಯಮಗಳನ್ನು ತಿಳಿದುಕೊಳ್ಳದೆ ಮಾದರಿಗಳನ್ನು ನೋಡುತ್ತ ಕೂರುವುದು ವ್ಯರ್ಥ.

ಮೊದಲು ಆಟ, ಆಮೇಲೆ ಕೋವಿ

ಟ್ರ್ಯಾಪ್ ಆಟದಲ್ಲಿ ತಟ್ಟೆ ಆಟಗಾರನಿಂದ ದೂರಕ್ಕೆ, ಮೇಲೇರುತ್ತ ಹೋಗುತ್ತದೆ. ಸ್ಕೀಟ್ ಆಟದಲ್ಲಿ ಎತ್ತರದ ಹಾಗೂ ತಗ್ಗಿನ ಎರಡು ಗೂಡುಗಳಿಂದ ಹೊರಟ ತಟ್ಟೆಗಳು ಆಟಗಾರನ ಮುಂದೆ ಅಡ್ಡಲಾಗಿ ಹಾಯುತ್ತವೆ. ಎಂಟು ನಿಲ್ದಾಣಗಳಲ್ಲಿ ನಿಂತು ಒಟ್ಟು 25 ತಟ್ಟೆಗಳನ್ನು ಎದುರಿಸಬೇಕು. ಸ್ಪೋರ್ಟಿಂಗ್‌ನಲ್ಲಿ ಹೀಗೇ ಎಂಬ ನಿಯಮವಿಲ್ಲ: ಒಂದು ತಟ್ಟೆ ನೆಲದ ಮೇಲೆ ಪುಟಿಯುತ್ತ ಬರಬಹುದು, ಇನ್ನೊಂದು ನೆತ್ತಿಯ ಮೇಲಿನಿಂದ ಹಾಯಬಹುದು, ಜೋಡಿಯಲ್ಲಿ ಒಂದು ಹತ್ತಿರವಿದ್ದು ಮತ್ತೊಂದು ಬಹು ದೂರವಿರಬಹುದು. ಮೂರೂ ಆಟಗಳಿಗೆ ಒಂದೇ ಕೋವಿ ಸಾಕೆಂದು ಹೇಳುವವರಿದ್ದಾರೆ; ಸಾಕಾಗುತ್ತದೆ ಎಂಬುದು ನಿಜ, ಆದರೆ ಮೂರರಲ್ಲಿ ಯಾವುದನ್ನು ಹೆಚ್ಚು ಆಡುತ್ತೇವೆ ಎಂಬುದು ತಿಳಿದಿದ್ದರೆ ತೂಕ, ನಳಿಗೆಯ ಉದ್ದ, ಚೋಕ್ (ಚರೆಗಳು ಹರಡುವುದನ್ನು ಹಿಡಿತದಲ್ಲಿಡಲು ನಳಿಗೆಯ ಬಾಯಿಯನ್ನು ಕಿರಿದು ಮಾಡುವ ಭಾಗ) ಇವುಗಳ ನಿರ್ಧಾರ ತಾನಾಗಿಯೇ ಸುಲಭವಾಗುತ್ತದೆ.

ಸ್ಕೀಟ್ ಆಟಕ್ಕೆ ಸೆಮಿ ಆಟೊಮ್ಯಾಟಿಕ್ ಬಹಳ ಒಗ್ಗುತ್ತದೆ, ಏಕೆಂದರೆ ಅಲ್ಲಿ ಎರಡು ತಟ್ಟೆಗಳ ದೂರದಲ್ಲಿ ದೊಡ್ಡ ಅಂತರವಿಲ್ಲ, ಒಂದೇ ಚೋಕ್ ಎರಡಕ್ಕೂ ಸಲ್ಲುತ್ತದೆ. ಸ್ಪೋರ್ಟಿಂಗ್‌ನಲ್ಲಿ ಒಂದೇ ನಳಿಗೆ ಇರುವುದು ಸ್ವಲ್ಪ ಕೊರತೆಯೆನಿಸುತ್ತದೆ: ಜೋಡುನಳಿಗೆ ಕೋವಿಯವರು ಒಂದು ನಳಿಗೆಗೆ ಸಡಿಲ ಚೋಕ್, ಇನ್ನೊಂದಕ್ಕೆ ಬಿಗಿ ಚೋಕ್ ಹಾಕಿಕೊಳ್ಳಬಲ್ಲರು, ನಮಗೆ ಆ ಅವಕಾಶವಿಲ್ಲ. ಈ ಕೊರತೆಯ ಬಗ್ಗೆ ಕ್ಲಬ್ಬುಗಳಲ್ಲಿ ನಡೆಯುವ ಚರ್ಚೆ ಅದರ ಯೋಗ್ಯತೆಗೆ ಮೀರಿದ್ದು ಎಂಬುದು ನನ್ನ ಅಭಿಪ್ರಾಯ. ಚೋಕ್‌ನ ತಪ್ಪಿನಿಂದ ತಪ್ಪಿಹೋಗುವ ತಟ್ಟೆಗಳಿಗಿಂತ, ತಟ್ಟೆಯೊಂದಿಗೆ ಬೀಸುತ್ತಿರುವ ಕೋವಿಯನ್ನು ನಡುವೆ ನಿಲ್ಲಿಸಿಬಿಟ್ಟು ತಪ್ಪಿಹೋಗುವ ತಟ್ಟೆಗಳೇ ಹೆಚ್ಚು. ಟ್ರ್ಯಾಪ್ ಆಟದಲ್ಲಿ ಮಾತ್ರ ಬೇರೊಂದು ಸಂಕೋಚವಿದೆ. ಅಲ್ಲಿ ಆಟಗಾರರು ಸಾಲಾಗಿ ನಿಂತಿರುತ್ತಾರೆ, ನಮ್ಮ ಕೋವಿ ಬಲಕ್ಕೆ ಉಗುಳುವ ಬಿಸಿ ಖಾಲಿ ತೋಟಾ ಪಕ್ಕದವರ ಮೈಗೆ ತಾಗಬಹುದು. ಅದನ್ನು ತಡೆದು ಹಿಡಿಯುವ ಸಣ್ಣ ಸಾಧನವೊಂದು ಪ್ರತ್ಯೇಕವಾಗಿ ಸಿಗುತ್ತದೆ. ಟ್ರ್ಯಾಪ್ ಆಡುವವರು ಅದನ್ನು ಕೋವಿಯ ಜೊತೆಯಲ್ಲೇ ಕೊಳ್ಳಬೇಕು.

ಮುಂದೆ ಸ್ಪರ್ಧೆಗಳಿಗೆ ಹೋಗುವ ಮನಸ್ಸಿದ್ದರೆ ಆಯಾ ಸ್ಪರ್ಧೆಯ ನಿಯಮಾವಳಿಯನ್ನು ಓದಿಕೊಳ್ಳಬೇಕು. ಒಲಿಂಪಿಕ್ ಟ್ರ್ಯಾಪ್ ಮತ್ತು ಸ್ಕೀಟ್ ಸ್ಪರ್ಧೆಗಳ ನಿಯಮಗಳನ್ನು ರೂಪಿಸುವ ಐಎಸ್‌ಎಸ್‌ಎಫ್ ಒಕ್ಕೂಟವು 12 ಬೋರ್‌ಗಿಂತ (ಬೋರ್ ಎಂದರೆ ನಳಿಗೆಯ ಒಳವ್ಯಾಸದ ಅಳತೆ) ದೊಡ್ಡದಲ್ಲದ ಸೆಮಿ ಆಟೊಮ್ಯಾಟಿಕ್ ಕೋವಿಗಳಿಗೆ ಅವಕಾಶ ಕೊಡುತ್ತದೆ, ಆದರೆ ತೋಟಾದಲ್ಲಿರುವ ಚರೆಗಳ, ಅಂದರೆ ಸಣ್ಣ ಗುಂಡುಗಳ, ಒಟ್ಟು ತೂಕ 24 ಗ್ರಾಮನ್ನು ಮೀರಬಾರದು. ಈ 24 ಗ್ರಾಮಿನ ಮಿತಿಯನ್ನು ನೆನಪಿನಲ್ಲಿಡಬೇಕು, ಏಕೆಂದರೆ ಅಷ್ಟು ಹಗುರವಾದ ತೋಟಾವನ್ನು ಎಲ್ಲ ಸೆಮಿ ಆಟೊಮ್ಯಾಟಿಕ್ ಕೋವಿಗಳೂ ಸಮನಾಗಿ ಸಹಿಸುವುದಿಲ್ಲ.

ಗ್ಯಾಸ್ ಮತ್ತು ಇನರ್ಶಿಯಾ

ಮಾರುಕಟ್ಟೆಯಲ್ಲಿರುವ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್‌ಗಳಲ್ಲಿ ಬಹುತೇಕ ಎಲ್ಲವೂ ಎರಡು ಬಗೆಯ ಯಂತ್ರರಚನೆಗಳಲ್ಲಿ ಒಂದನ್ನು ಬಳಸುತ್ತವೆ. ಹಳೆಯದಾದ ಮೂರನೆಯ ಬಗೆಯೊಂದಿದೆ: ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ, ಆಟೊ-5 ಎಂಬ ಹೆಸರಿನಿಂದ ಪ್ರಸಿದ್ಧವಾದ ಕೋವಿಯಲ್ಲಿ ಗುಂಡು ಹಾರಿದಾಗ ನಳಿಗೆ ಮತ್ತು ಅದರ ಹಿಂಬಾಯಿಯನ್ನು ಮುಚ್ಚುವ ಬೋಲ್ಟ್ ಎರಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತಿದ್ದವು, ಮತ್ತು ಹಗುರ ತೋಟಾಕ್ಕೊಂದು, ಭಾರದ ತೋಟಾಕ್ಕೊಂದು ಎಂಬಂತೆ ಒಳಗಿನ ಘರ್ಷಣೆಯ ಬಳೆಗಳನ್ನು ಬೇರೆ ಬೇರೆ ರೀತಿ ಜೋಡಿಸಿಕೊಳ್ಳಬೇಕಾಗಿತ್ತು. ಅಂಥ ಕೋವಿ ಹಳೆಯ ಸಂಗ್ರಹಗಳಲ್ಲಿ ಈಗಲೂ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಮೊದಲ ಗುರಿಕೋವಿಯಾಗಿ ಅದನ್ನು ಯಾರಿಗೂ ಸೂಚಿಸಲಾರೆ.

ಗ್ಯಾಸ್ ಕೋವಿಯ ನಳಿಗೆಯಲ್ಲಿ, ಮುಂದಿನ ಹಿಡಿಯ ಒಳಭಾಗಕ್ಕೆ ಬರುವಂತೆ, ಸಣ್ಣ ರಂಧ್ರಗಳಿರುತ್ತವೆ. ಚರೆಗಳು ಆ ರಂಧ್ರಗಳನ್ನು ದಾಟಿದೊಡನೆ ಸುಟ್ಟ ಮದ್ದಿನ ಅನಿಲದಲ್ಲಿ ಒಂದಿಷ್ಟು ಕೆಳಗಿನ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಪಿಸ್ಟನ್ನಿಗೆ ಜೋಡಿಸಿದ ಸರಳು ಬೋಲ್ಟನ್ನು ಬಿಡಿಸಿ ಹಿಂದೆ ಒಯ್ಯುತ್ತದೆ, ಖಾಲಿ ತೋಟಾ ಹೊರಗೆ ಹಾರುತ್ತದೆ, ಹಿಂದೆ ಅದುಮಿಕೊಂಡ ಸ್ಪ್ರಿಂಗ್ ಬೋಲ್ಟನ್ನು ಮತ್ತೆ ಮುಂದಕ್ಕೆ ದೂಡುವಾಗ ಹೊಸ ತೋಟಾ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯ ಗೂಡಿಗೆ, ಸೇರುತ್ತದೆ. 1963ರಲ್ಲಿ ಬಂದ ರೆಮಿಂಗ್ಟನ್ 1100 ಈ ಬಗೆಯನ್ನು ಗುರಿ ಮೈದಾನಗಳಲ್ಲಿ ಜನಪ್ರಿಯಗೊಳಿಸಿತು. ಇಂದಿನ ಬೆರೆಟ್ಟಾ ಎ400, ಎ300, ವಿಂಚೆಸ್ಟರ್ ಎಸ್‌ಎಕ್ಸ್4, ಬ್ರೌನಿಂಗ್ ಮ್ಯಾಕ್ಸಸ್ ಮೊದಲಾದವು ಇದೇ ಕುಲಕ್ಕೆ ಸೇರಿದವು. ಹೊಸ ಮಾದರಿಗಳಲ್ಲಿ ಹೆಚ್ಚಾದ ಅನಿಲವನ್ನು ತಾನೇ ಹೊರಗೆ ಬಿಡುವ ಕವಾಟವಿರುತ್ತದೆ, ಆದ್ದರಿಂದ ಹಗುರ ತೋಟಾ, ಭಾರದ ತೋಟಾ ಎರಡನ್ನೂ ಯಾವ ಜೋಡಣೆಯನ್ನೂ ಬದಲಿಸದೆ ಹಾರಿಸಬಹುದು.

ಒದೆತ ತಗ್ಗುವುದು ಹೇಗೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು ಆಯ್ಕೆಗೆ ಸಹಾಯಕ. ಚರೆಗಳು ಮುಂದಕ್ಕೆ ಹೋದ ಪ್ರಮಾಣಕ್ಕೆ ತಕ್ಕಂತೆ ಕೋವಿ ಹಿಂದಕ್ಕೆ ಬರಲೇಬೇಕು, ಯಾವ ಯಂತ್ರವೂ ಅದನ್ನು ಅಳಿಸಲಾರದು. ಗ್ಯಾಸ್ ಕೋವಿಯಲ್ಲಿ ಬೋಲ್ಟ್ ಮತ್ತು ಪಿಸ್ಟನ್ ಹಿಂದಕ್ಕೆ ಚಲಿಸಿ ಸ್ಪ್ರಿಂಗನ್ನು ಅದುಮುವುದರಲ್ಲಿ ಒದೆತ ಹೆಚ್ಚು ಹೊತ್ತಿಗೆ ಹಂಚಿಹೋಗುತ್ತದೆ. ಭುಜಕ್ಕೆ ಅದು ಏಟಿನಂತಲ್ಲದೆ ತಳ್ಳಿದಂತೆ ಅನುಭವವಾಗುತ್ತದೆ. ಇದರ ಜೊತೆಗೆ ಕೋವಿಯ ತೂಕವೂ ಲೆಕ್ಕಕ್ಕೆ ಬರುತ್ತದೆ. ಒಂದೇ ತೋಟಾವನ್ನು ಹಾರಿಸಿದಾಗ 3 ಕೆ.ಜಿ. ಕೋವಿಗಿಂತ 3.5 ಕೆ.ಜಿ. ಕೋವಿಯ ಒದೆತದ ಶಕ್ತಿ ಸುಮಾರು ಏಳನೇ ಒಂದು ಭಾಗದಷ್ಟು ಕಡಿಮೆ. ತೋಟಾವನ್ನು 28 ಗ್ರಾಮಿನಿಂದ 24ಕ್ಕೆ ಇಳಿಸಿದರೆ ಇದಕ್ಕಿಂತಲೂ ಹೆಚ್ಚಿನ ನೆಮ್ಮದಿ ಸಿಗುತ್ತದೆ. ಭುಜ ನೋಯುತ್ತದೆ ಎಂದು ದುಬಾರಿಯ ಒದೆತ ತಡೆಯುವ ಸಾಧನಗಳತ್ತ ನೋಡುವವರು ಮೊದಲು ತೋಟಾದ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಎಂದು ಓದುವುದು ಮೇಲು.

ಇನರ್ಶಿಯಾ ಕೋವಿಯ ಬುದ್ಧಿವಂತಿಕೆ ಬೇರೆ ಬಗೆಯದು. ಇಟಲಿಯ ಬೆನೆಲ್ಲಿ ಕಂಪನಿಯ ಕೋವಿಗಳಿಂದ ಹೆಸರಾದ ಈ ರಚನೆಯನ್ನು ಬ್ರೂನೊ ಚಿವೊಲಾನಿ ರೂಪಿಸಿದರು. ಇಂದು ಹಲವು ತಯಾರಕರು ಇದನ್ನೇ ಅನುಸರಿಸುತ್ತಾರೆ. ಇಲ್ಲಿ ಅನಿಲದ ರಂಧ್ರವಿಲ್ಲ, ಪಿಸ್ಟನ್ ಇಲ್ಲ. ಬೋಲ್ಟಿನ ಭಾರವಾದ ಮೈಗೂ ನಳಿಗೆಗೆ ಬೀಗ ಹಾಕಿಕೊಂಡಿರುವ ತಿರುಗುವ ತಲೆಗೂ ನಡುವೆ ಗಿಡ್ಡನೆಯ ಬಿಗಿ ಸ್ಪ್ರಿಂಗ್ ಒಂದಿರುತ್ತದೆ. ಗುಂಡು ಹಾರಿದಾಗ ಕೋವಿಯೆಲ್ಲ ಹಿಂದಕ್ಕೆ ಚಿಮ್ಮುತ್ತದೆ, ಬೋಲ್ಟಿನ ಮೈ ಮಾತ್ರ ತನ್ನ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ, ಹೀಗಾಗಿ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಒತ್ತಡ ಇಳಿದ ಮೇಲೆ ಅದು ಬಿಚ್ಚಿಕೊಂಡು ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ. ಭಾಗಗಳು ಕಡಿಮೆ, ಮಸಿ ಒಳಗೆ ಸೇರುವುದಿಲ್ಲ, ಮುಂದಿನ ಹಿಡಿ ತೆಳ್ಳಗಿರುತ್ತದೆ, ಕೋವಿ ಹಗುರವಾಗಿರುತ್ತದೆ. ಬೇಟೆಗಾರರು ಇದನ್ನು ಮೆಚ್ಚುವುದು ಈ ಕಾರಣಗಳಿಗೆ.

ಗುರಿ ಮೈದಾನದಲ್ಲಿ ಅದೇ ಗುಣಗಳು ಸ್ವಲ್ಪ ತಿರುಗಿಬೀಳುತ್ತವೆ. ಹಗುರವಾದ್ದರಿಂದ ಒದೆತ ಚುರುಕು. ಕೋವಿ ಹಿಂದಕ್ಕೆ ಚಲಿಸಲೇಬೇಕಾದ್ದರಿಂದ ಬಹಳ ಹಗುರ ತೋಟಾ ಹಾಕಿದಾಗ, ಕೋವಿಗೆ ಹೆಚ್ಚುವರಿ ಭಾರ ಜೋಡಿಸಿದಾಗ ಬೋಲ್ಟ್ ಪೂರ್ತಿ ಹಿಂದೆ ಹೋಗದೆ ಖಾಲಿ ತೋಟಾ ಹೊರಬೀಳುವ ಬಾಯಲ್ಲೇ ಸಿಕ್ಕಿಕೊಳ್ಳಬಹುದು. ಇನ್ನೊಂದು ಅಭ್ಯಾಸವನ್ನೂ ತಿದ್ದಿಕೊಳ್ಳಬೇಕಾಗುತ್ತದೆ: ಈ ಬಗೆಯ ಕೋವಿಯ ಬೋಲ್ಟನ್ನು ಕೈಯಿಂದ ಮೆಲ್ಲಗೆ ಮುಂದಕ್ಕೆ ಬಿಟ್ಟರೆ ತಲೆ ಪೂರ್ತಿ ತಿರುಗಿ ಬೀಗ ಹಾಕಿಕೊಳ್ಳದೆ ಉಳಿಯುವ ಸಂಭವವಿದೆ, ಆಗ ಟ್ರಿಗರ್ ಎಳೆದರೆ ಟಕ್ ಎಂಬ ಸದ್ದಷ್ಟೇ ಬರುತ್ತದೆ. ಮೈದಾನದಲ್ಲಿ ನಿಂತು ಗುಂಡಿಯೊತ್ತಿ ಬೋಲ್ಟನ್ನು ತನ್ನ ವೇಗದಲ್ಲಿಯೇ ಮುಚ್ಚಲು ಬಿಡಬೇಕು. ಭಾರವಾಗಿ, ಒದೆತ ತಗ್ಗಿಸುವ ಸ್ಟಾಕಿನೊಂದಿಗೆ, ಕ್ಲೇ ಆಟಕ್ಕೆಂದೇ ಮಾಡಿದ ಇನರ್ಶಿಯಾ ಮಾದರಿಗಳೂ ಇವೆ, ಅವುಗಳಿಂದ ಉತ್ತಮವಾಗಿ ಆಡುವವರೂ ಇದ್ದಾರೆ. ಆದರೂ ತಟ್ಟೆ ಒಡೆಯುವುದೊಂದೇ ಉದ್ದೇಶವಾಗಿರುವ ಹೊಸಬರಿಗೆ ಗ್ಯಾಸ್ ಕೋವಿಯೇ ಸರಿಯಾದ ಆಯ್ಕೆ ಎಂದು ಸಂಕೋಚವಿಲ್ಲದೆ ಹೇಳುತ್ತೇನೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಶುಚಿಗೊಳಿಸುವ ಕೆಲಸ, ಅದನ್ನು ಮುಂದೆ ಹೇಳುತ್ತೇನೆ.

ಬೋರ್, ಚೇಂಬರ್, ತೂಕ

12 ಬೋರ್ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ., 20 ಬೋರ್‌ನದು ಸುಮಾರು 15.6 ಮಿ.ಮೀ. ಬೇರೆ ಯಾವ ವಿಶೇಷ ಕಾರಣವೂ ಇಲ್ಲದಿದ್ದರೆ 12 ಬೋರ್ ಕೊಳ್ಳುವುದು ಸರಿ: ತೋಟಾಗಳು ಎಲ್ಲೆಡೆ ಸಿಗುತ್ತವೆ, 24 ಗ್ರಾಮಿನಿಂದ 32 ಗ್ರಾಮಿನವರೆಗೆ ಬೇಕಾದ ತೂಕದವು ದೊರೆಯುತ್ತವೆ, ಹಗುರ ತೋಟಾ ಹಾಕಿಕೊಂಡು ಭುಜಕ್ಕೆ ಹಿತವಾಗುವಂತೆ ಆಡಬಹುದು. ಮೈಕಟ್ಟು ಸಣ್ಣದಾಗಿರುವವರಿಗೆ 20 ಬೋರ್ ಒಳ್ಳೆಯದೆಂಬ ಮಾತು ಅರ್ಧ ಸತ್ಯ. 20 ಬೋರ್ ಕೋವಿ ಸಾಮಾನ್ಯವಾಗಿ ಹಗುರವಾಗಿರುತ್ತದೆ, ಎತ್ತಿ ಹಿಡಿಯಲು ಸುಲಭ. ಆದರೆ ಅದೇ ಹಗುರತನದಿಂದಾಗಿ, ಅದರ ಒದೆತವು 24 ಗ್ರಾಮಿನ ತೋಟಾ ಹಾಕಿದ ಭಾರದ 12 ಬೋರ್ ಗ್ಯಾಸ್ ಕೋವಿಯ ಒದೆತಕ್ಕಿಂತ ಮೆದುವಾಗಿರುತ್ತದೆ ಎಂಬ ಭರವಸೆಯಿಲ್ಲ. ತೋಳಿಗೆ ಭಾರವೋ ಭುಜಕ್ಕೆ ನೋವೋ, ತೊಂದರೆ ಯಾವುದೆಂದು ಮೊದಲು ಗುರುತಿಸಿಕೊಂಡು ಆರಿಸಬೇಕು.

ಚೇಂಬರಿನ ಉದ್ದದಲ್ಲಿ 70 ಮಿ.ಮೀ., 76 ಮಿ.ಮೀ., 89 ಮಿ.ಮೀ. ಎಂಬ ಮೂರು ಅಳತೆಗಳು ಕಾಣುತ್ತವೆ. ಕ್ಲೇ ಆಟದ ತೋಟಾಗಳೆಲ್ಲ 70 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ. ಇಂದಿನ ಕೋವಿಗಳು ಹೆಚ್ಚಾಗಿ 76 ಮಿ.ಮೀ. ಚೇಂಬರಿನೊಂದಿಗೆ ಬರುತ್ತವೆ, ಅದರಿಂದ ಹಾನಿಯಿಲ್ಲ. ಬಾತುಕೋಳಿ ಬೇಟೆಯ ಭಾರೀ ತೋಟಾಗಳಿಗೆಂದು ಮಾಡಿದ 89 ಮಿ.ಮೀ. ಚೇಂಬರಿಗೆ ಹೆಚ್ಚು ಹಣ ಕೊಡುವ ಅಗತ್ಯ ಇಲ್ಲಿ ಏನೂ ಇಲ್ಲ. ತೂಕದ ವಿಷಯದಲ್ಲಿ, 12 ಬೋರ್ ಗುರಿಕೋವಿ 3.4ರಿಂದ 3.8 ಕೆ.ಜಿ.ಯವರೆಗೆ ಇದ್ದರೆ ಬೀಸು ಒಂದೇ ಸಮನಾಗಿ ಬರುತ್ತದೆ. ಅಂಗಡಿಯಲ್ಲಿ ಎತ್ತಿ ನೋಡಿದಾಗ ಹಗುರ ಕೋವಿಯೇ ಹಿತವೆನಿಸುವುದು ಸಹಜ; ಆ ಮೊದಲ ಅನಿಸಿಕೆಯನ್ನು ನಂಬಬಾರದು, ಹಗುರ ಕೋವಿ ಬೇಗ ಚಲಿಸಲು ಶುರುಮಾಡುವಂತೆಯೇ ಬೇಗ ನಿಂತೂ ಬಿಡುತ್ತದೆ.

ಮೈಗೆ ಹೊಂದುವುದು

ರೈಫಲಿನಲ್ಲಿ ಹಿಂದೊಂದು, ಮುಂದೊಂದು ಗುರಿಗುರುತು ಇರುತ್ತದೆ. ಶಾಟ್‌ಗನ್ನಿನಲ್ಲಿ ಹಿಂದಿನ ಗುರುತಿನ ಜಾಗದಲ್ಲಿ ಇರುವುದು ಆಟಗಾರನ ಕಣ್ಣು. ಕಣ್ಣು ಪ್ರತಿ ಸಲವೂ ಅದೇ ಎತ್ತರಕ್ಕೆ, ನಳಿಗೆಯ ಮೇಲಿನ ಪಟ್ಟಿಯ ನೇರಕ್ಕೆ ಬರಬೇಕಾದರೆ ಸ್ಟಾಕಿನ, ಅಂದರೆ ಭುಜಕ್ಕೂ ಕೆನ್ನೆಗೂ ಒತ್ತುವ ಹಿಂಭಾಗದ, ಅಳತೆಗಳು ಆ ವ್ಯಕ್ತಿಗೆ ಸರಿಯಾಗಿರಬೇಕು. ಹೊಲಿಸಿದ ಅಂಗಿಯಂತೆ, ಒಬ್ಬರಿಗೆ ಒಪ್ಪಿದ್ದು ಇನ್ನೊಬ್ಬರಿಗೆ ಒಪ್ಪುತ್ತದೆ ಎಂಬುದಿಲ್ಲ. ಸೆಮಿ ಆಟೊಮ್ಯಾಟಿಕ್ ಕೋವಿಗಳ ಒಂದು ದೊಡ್ಡ ಅನುಕೂಲವೂ ಇಲ್ಲಿಯೇ ಇದೆ: ಇಂದಿನ ಹಲವು ಮಾದರಿಗಳ ಜೊತೆ ತೆಳು ಬಿಲ್ಲೆಗಳ ಒಂದು ಕಟ್ಟು ಬರುತ್ತದೆ, ಅವನ್ನು ಸ್ಟಾಕಿಗೂ ಕೋವಿಯ ಮೈಗೂ ನಡುವೆ ಬದಲಿಸಿ ಹಾಕಿ ಸ್ಟಾಕಿನ ಇಳಿತವನ್ನೂ ಎಡಬಲದ ವಾಲನ್ನೂ ತಿದ್ದಿಕೊಳ್ಳಬಹುದು. ಕೊಳ್ಳುವ ಕೋವಿಗೆ ಈ ಸೌಲಭ್ಯ ಇರಲೇಬೇಕೆಂದು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಹೊಂದಿಕೆ ನೋಡುವ ಮುನ್ನ ಯಾವ ಕಣ್ಣು ಯಜಮಾನನೆಂದು ತಿಳಿಯಬೇಕು. ಎರಡೂ ಕಣ್ಣು ತೆರೆದು, ತೋಳು ಚಾಚಿ, ದೂರದ ಒಂದು ವಸ್ತುವಿನತ್ತ ಬೆರಳು ತೋರಿಸಿ, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ ಯಾವ ಕಣ್ಣಿಗೆ ಬೆರಳು ವಸ್ತುವಿನ ಮೇಲೆಯೇ ಉಳಿಯುತ್ತದೆಯೋ ಅದು ಬಲವಾದದ್ದು. ಬಲ ಭುಜದಿಂದ ಹಾರಿಸುವವರಿಗೆ ಎಡಗಣ್ಣು ಬಲವಾಗಿದ್ದರೆ ಆ ವಿಷಯವನ್ನು ತರಬೇತುದಾರರಿಗೆ ಹೇಳಿ ಪರಿಹಾರ ಕಂಡುಕೊಳ್ಳಬೇಕು, ಏಕೆಂದರೆ ಎಷ್ಟೇ ಬೆಲೆಯ ಕೋವಿಯಾದರೂ ಅದನ್ನು ಸರಿಪಡಿಸಲಾರದು. ಎಡ ಭುಜದಿಂದ ಹಾರಿಸುವವರು ಎಡಗೈಯ ಮಾದರಿ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಬಲಗೈಯ ಕೋವಿಯಾದರೆ ಖಾಲಿ ತೋಟಾ ಮುಖದ ಮುಂದೆಯೇ ಅಡ್ಡ ಹಾಯುತ್ತದೆ.

ಕೋವಿ ಖಾಲಿಯಿದೆಯೆಂದು ಅಂಗಡಿಯವರ ಎದುರಿಗೇ ಖಾತ್ರಿಪಡಿಸಿಕೊಂಡು, ನಳಿಗೆಯನ್ನು ಅವರು ತೋರಿಸಿದ ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿಕೊಂಡು ಕೋವಿಯನ್ನು ಸಹಜವಾಗಿ ಕೆನ್ನೆಗೂ ಭುಜಕ್ಕೂ ತಂದು ಆಮೇಲೆ ಕಣ್ಣು ತೆರೆಯಬೇಕು. ಪಟ್ಟಿಯ ಮೇಲ್ಮೈ ಚೂರೇ ಕಾಣುತ್ತ, ನಳಿಗೆಯ ಮುಂತುದಿಯ ಗುರಿಮಣಿ ಅದರ ನಡುವೆ ನಿಂತಿದ್ದರೆ ಹೊಂದಿಕೆ ಹತ್ತಿರದಲ್ಲಿದೆ. ಪಟ್ಟಿಯೇ ಕಾಣದೆ ಕೋವಿಯ ಮೈಯ ಹಿಂಬದಿ ಮಾತ್ರ ಕಂಡರೆ ಸ್ಟಾಕ್ ತಗ್ಗಾಯಿತು. ಪಟ್ಟಿ ರಸ್ತೆಯಷ್ಟು ಉದ್ದಕ್ಕೆ ಕಂಡರೆ ಎತ್ತರವಾಯಿತು, ಚರೆಗಳು ಗುರಿಯ ಮೇಲಿನಿಂದ ಹೋಗುತ್ತವೆ. ಮೇಲೇರುವ ತಟ್ಟೆಯನ್ನು ಹೊಡೆಯುವ ಟ್ರ್ಯಾಪ್ ಆಟಗಾರರು ಸ್ವಲ್ಪ ಎತ್ತರವನ್ನು ಬೇಕೆಂದೇ ಇಟ್ಟುಕೊಳ್ಳುತ್ತಾರೆ. ಮಣಿ ಎಡಕ್ಕೋ ಬಲಕ್ಕೋ ವಾಲಿದ್ದರೆ ಬಿಲ್ಲೆ ಬದಲಿಸಿ ತಿದ್ದಬೇಕು. ಒಂದು ಸಲ ನೋಡಿ ಬಿಡುವುದಲ್ಲ, ಹಲವು ಸಲ ಮಾಡಿ ಪ್ರತಿ ಸಲವೂ ಅದೇ ನೋಟ ಬರುತ್ತದೆಯೇ ಎಂದು ಗಮನಿಸಬೇಕು, ಮತ್ತು ನೋಟ ಸರಿಬರಲೆಂದು ಕತ್ತನ್ನು ಕೊಂಕಿಸಿ ತನಗೆ ತಾನೇ ಮೋಸ ಮಾಡಿಕೊಳ್ಳಬಾರದು.

ಟ್ರಿಗರ್‌ನಿಂದ ಸ್ಟಾಕಿನ ಹಿಂದಿನ ಅಂಚಿನವರೆಗಿನ ಉದ್ದ ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ 36ರಿಂದ 37 ಸೆಂ.ಮೀ. ಇರುತ್ತದೆ. ಇದು ಸರಾಸರಿ ಎತ್ತರದ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡ ಅಳತೆ. ಹೆಂಗಸರಿಗೆ, ಎಳೆಯರಿಗೆ ಹಲವೊಮ್ಮೆ ಉದ್ದವಾಗುತ್ತದೆ, ಆಗ ಅವರು ಹಿಂದಕ್ಕೆ ಬಾಗಿ ನಿಲ್ಲುತ್ತಾರೆ, ಸ್ಟಾಕ್ ತೋಳಿನ ಮೇಲೆ ಕೂರುತ್ತದೆ, ನೋವಾಗುತ್ತದೆ. ಸ್ಟಾಕನ್ನು ಮೊಣಕೈಯ ಒಳಮಡಿಕೆಗೆ ಇಟ್ಟು ಬೆರಳು ಟ್ರಿಗರ್‌ಗೆ ಮುಟ್ಟುತ್ತದೆಯೇ ಎಂದು ನೋಡುವ ಹಳೆಯ ಕ್ರಮದಿಂದ ಹೆಚ್ಚೇನೂ ತಿಳಿಯದು. ಕೋವಿಯನ್ನು ಎತ್ತಿ ಹಿಡಿದಾಗ ಹೆಬ್ಬೆರಳಿನ ಬುಡಕ್ಕೂ ಮೂಗಿಗೂ ನಡುವೆ ಎರಡು, ಮೂರು ಬೆರಳಿನಷ್ಟು ಅಂತರವಿದ್ದರೆ ಉದ್ದ ಸರಿಯಾಗಿದೆಯೆಂದು ತಿಳಿಯಬಹುದು. ದಪ್ಪ ಬಟ್ಟೆ ತೊಟ್ಟು ಆಡುವ ಕಾಲವಿದ್ದರೆ ಅದನ್ನು ತೊಟ್ಟೇ ನೋಡಬೇಕು. ಹಿಂದಿನ ರಬ್ಬರ್ ಪ್ಯಾಡಿನ ಓರೆಯನ್ನು ಹೆಚ್ಚಿನವರು ಮರೆಯುತ್ತಾರೆ. ಅದರ ಕೆಳತುದಿಯೊಂದೇ ಎದೆಗೆ ಚುಚ್ಚುತ್ತಿದ್ದರೆ, ಉಳಿದ ಅಳತೆಗಳೆಲ್ಲ ಸರಿಯಿದ್ದರೂ ಆ ಕೋವಿ ಒದೆಯುತ್ತದೆಂದೇ ಅನಿಸುತ್ತದೆ.

ನಳಿಗೆ ಮತ್ತು ಚೋಕ್

ಸೆಮಿ ಆಟೊಮ್ಯಾಟಿಕ್ ಕೋವಿಯಲ್ಲಿ ಬೋಲ್ಟ್ ಹಿಂದೆ ಮುಂದೆ ಓಡಾಡಲು ಜಾಗ ಬೇಕಾದ್ದರಿಂದ ನಡುವಿನ ಮೈ ಉದ್ದವಾಗಿರುತ್ತದೆ. ಅದೇ ಉದ್ದದ ನಳಿಗೆಯ ಜೋಡುನಳಿಗೆ ಕೋವಿಗಿಂತ ಒಟ್ಟು ಉದ್ದ ಕೆಲವು ಸೆಂಟಿಮೀಟರ್ ಹೆಚ್ಚು. ಹಾಗಾಗಿ ಜೋಡುನಳಿಗೆಯಲ್ಲಿ 76 ಸೆಂ.ಮೀ. ಇಷ್ಟಪಡುವವರಿಗೆ ಇದರಲ್ಲಿ 71 ಸೆಂ.ಮೀ., ಅಂದರೆ 28 ಇಂಚು, ಸಾಕು. ಸ್ಕೀಟ್‌ಗೆ 28, ಸ್ಪೋರ್ಟಿಂಗ್‌ಗೆ 28 ಅಥವಾ 30, ಟ್ರ್ಯಾಪ್‌ಗೆ 30 ಇಂಚು ಎಂಬ ಲೆಕ್ಕ ಹೆಚ್ಚಿನವರಿಗೆ ಸರಿಹೋಗುತ್ತದೆ. ಉದ್ದ ನಳಿಗೆಯಿಂದ ಚರೆಗಳು ಗಮನಾರ್ಹವಾಗಿ ಬಲವಾಗಿ ಹೊಡೆಯುವುದಿಲ್ಲ. ಸಿಗುವುದು ಸ್ಥಿರವಾದ ಬೀಸು ಮಾತ್ರ.

ಚೋಕ್ ಎಂದರೆ ನಳಿಗೆಯ ಬಾಯಿಯಲ್ಲಿ ಇರುವ ಕಿರಿದು ಮಾಡಿದ ಭಾಗ. 12 ಬೋರ್‌ನಲ್ಲಿ ಇಂಪ್ರೂವ್ಡ್ ಸಿಲಿಂಡರ್ ಸುಮಾರು 0.25 ಮಿ.ಮೀ., ಮಾಡಿಫೈಡ್ ಸುಮಾರು 0.5 ಮಿ.ಮೀ., ಫುಲ್ ಸುಮಾರು 0.9ರಿಂದ 1 ಮಿ.ಮೀ. ಕಿರಿದು ಮಾಡುತ್ತವೆ. 40 ಗಜ, ಅಂದರೆ ಸುಮಾರು 36.5 ಮೀಟರ್ ದೂರದಲ್ಲಿ 76 ಸೆಂ.ಮೀ. ವ್ಯಾಸದ ವೃತ್ತದೊಳಗೆ ಕ್ರಮವಾಗಿ ಶೇ. 50, 60, 70ರಷ್ಟು ಚರೆಗಳು ಬೀಳಬೇಕೆಂಬುದು ರೂಢಿಯ ಅಳತೆ. ಬಿಚ್ಚಿ ಹಾಕುವ ಚೋಕ್‌ಗಳು ಕೋವಿಯೊಂದಿಗೇ ಬರುತ್ತವೆ. ಸ್ಪೋರ್ಟಿಂಗ್ ಆಡುವವರು ಇಂಪ್ರೂವ್ಡ್ ಸಿಲಿಂಡರ್ ಅಥವಾ ಅದಕ್ಕಿಂತ ಒಂದು ಹೆಜ್ಜೆ ಬಿಗಿಯಾದದ್ದನ್ನು ಹಾಕಿ ಮರೆತುಬಿಡುವುದು, ಟ್ರ್ಯಾಪ್ ಆಡುವವರು ಮಾಡಿಫೈಡ್ ಅಥವಾ ಅದಕ್ಕಿಂತ ಬಿಗಿಯಾದದ್ದನ್ನು ಬಳಸುವುದು, ಸ್ಕೀಟ್‌ಗೆ ಅದರದೇ ಹೆಸರಿನ ಸಡಿಲ ಚೋಕ್ ಹಾಕುವುದು, ಇಷ್ಟು ತಿಳಿದಿದ್ದರೆ ಬಹುಕಾಲ ನಡೆಯುತ್ತದೆ. ಚೋಕ್ ಇಲ್ಲದೆ ಗುಂಡು ಹಾರಿಸಬಾರದು, ನಳಿಗೆಯ ತುದಿಯ ಒಳಗಿನ ತಿರುಪುಸುತ್ತು ಹಾಳಾಗುತ್ತದೆ. ಸುತ್ತುಗಳ ನಡುವೆ ಅದು ಸಡಿಲಗೊಂಡಿಲ್ಲವೆಂದು ನೋಡುತ್ತಿರಬೇಕು, ಆದರೆ ಕೋವಿಯನ್ನು ಖಾಲಿ ಮಾಡಿ ಬೋಲ್ಟ್ ತೆರೆದಿಟ್ಟುಕೊಂಡೇ. ಸೀಸಕ್ಕೆ ನಿಷೇಧವಿರುವ ಮೈದಾನಗಳಲ್ಲಿ ಉಕ್ಕಿನ ಚರೆ ಬಳಸುವುದಾದರೆ ನಳಿಗೆಯೂ ಚೋಕ್ ಕೂಡ ಉಕ್ಕಿಗೆ ತಕ್ಕವೆಂದು ತಯಾರಕರು ಹೇಳಿರಬೇಕು, ಮತ್ತು ಬಿಗಿ ಚೋಕ್‌ಗಳನ್ನು ದೂರವಿಡಬೇಕು.

ಕೈಗೆ ಸಿಗುವ ಸಣ್ಣ ವಿಷಯಗಳು

ಮರದ ಸ್ಟಾಕೋ ಪ್ಲಾಸ್ಟಿಕ್ಕಿನದೋ ಎಂಬುದು ಬಹುಮಟ್ಟಿಗೆ ಅಭಿರುಚಿಯ ಮಾತು. ಟ್ರಿಗರ್ ಎಳೆತ ಜಗ್ಗದೆ, ಒಂದೇ ಸಲ ಚೊಕ್ಕವಾಗಿ ಬಿಡಬೇಕು. ಬೋಲ್ಟ್ ಮುಚ್ಚುವ ಗುಂಡಿ ದೊಡ್ಡದಿದ್ದರೆ ಅನುಕೂಲ. ತೋಟಾ ತುಂಬುವ ಕೆಳಬಾಗಿಲು ಹೆಬ್ಬೆರಳನ್ನು ಕಚ್ಚುತ್ತದೆಯೇ ಎಂಬುದನ್ನು, ಅಂಗಡಿಯವರು ಒಪ್ಪಿದರೆ, ಮದ್ದಿಲ್ಲದ ಅಭ್ಯಾಸದ ತೋಟಾ ಹಾಕಿ ನೋಡಬೇಕು. ಕೆಲವು ಮಾದರಿಗಳು ಈ ವಿಷಯದಲ್ಲಿ ನಿಜಕ್ಕೂ ಕ್ರೂರ.

ಸುರಕ್ಷತೆಯಲ್ಲಿ ಈ ಕೋವಿ ಕೇಳುವ ಹೆಚ್ಚಿನ ಎಚ್ಚರ

ಜೋಡುನಳಿಗೆ ಕೋವಿಯನ್ನು ಮಡಚಿ ತೋಳಿನ ಮೇಲೆ ಹಾಕಿಕೊಂಡರೆ ಅದು ಖಾಲಿಯೆಂದು ಹತ್ತು ಮಾರು ದೂರದಲ್ಲಿರುವವರಿಗೂ ಕಾಣುತ್ತದೆ. ಸೆಮಿ ಆಟೊಮ್ಯಾಟಿಕ್ ಹಾಗೆ ಕಾಣುವುದಿಲ್ಲ, ಆದ್ದರಿಂದ ಕೆಲವು ಕ್ಲಬ್ಬುಗಳಲ್ಲಿ ಅದನ್ನು ಹಿಡಿದವರನ್ನು ಅನುಮಾನದಿಂದ ನೋಡುವುದುಂಟು; ಅದರಲ್ಲಿ ತಪ್ಪೇನೂ ಇಲ್ಲ. ಗುಂಡು ಹಾರಿಸುವ ಸರದಿ ಬರುವವರೆಗೂ ಬೋಲ್ಟ್ ಹಿಂದಕ್ಕೆ ತೆರೆದೇ ಇರಬೇಕು, ಚೇಂಬರಿಗೆ ಬಣ್ಣದ ಸುರಕ್ಷತಾ ಬಾವುಟ ಸಿಕ್ಕಿಸಿರಬೇಕು, ನಳಿಗೆ ಮೇಲಕ್ಕೋ ಕೆಳಕ್ಕೋ ಇರಬೇಕೇ ಹೊರತು ಜನರತ್ತ ತಿರುಗಬಾರದು. ಖಾಲಿಯೆಂದು ಪರೀಕ್ಷಿಸುವಾಗ ಚೇಂಬರಿನ ಜೊತೆಗೆ ಮ್ಯಾಗಜೀನನ್ನೂ ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಮ್ಯಾಗಜೀನಿನಲ್ಲಿ ಮರೆತ ಒಂದು ತೋಟಾ ಬೋಲ್ಟ್ ಮುಚ್ಚುವಾಗ ಚೇಂಬರಿಗೆ ಬಂದುಬಿಡಬಹುದು.

ಟ್ರಿಗರ್ ಎಳೆದರೂ ಹಾರದಿದ್ದರೆ ನಳಿಗೆಯನ್ನು ಮೈದಾನದ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ತೆರೆಯಬೇಕು. ಸದ್ದು ಎಂದಿಗಿಂತ ಮೆತ್ತಗೆ ಬಂದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ, ಕೋವಿಯನ್ನು ಖಾಲಿ ಮಾಡಿ, ನಳಿಗೆಯೊಳಗೆ ತೋಟಾದ ಒಳಬಿರಡೆ ಸಿಕ್ಕಿಕೊಂಡಿದೆಯೇ ಎಂದು ನೋಡಲೇಬೇಕು. ಸೆಮಿ ಆಟೊಮ್ಯಾಟಿಕ್ ಕೋವಿಯಲ್ಲಿ ಮುಂದಿನ ತೋಟಾ ಸಿದ್ಧವಾಗಿಯೇ ಇರಬಹುದಾದ್ದರಿಂದ ಈ ಎಚ್ಚರ ಇಲ್ಲಿ ಹೆಚ್ಚು ಮುಖ್ಯ. 12 ಬೋರ್ ಮತ್ತು 20 ಬೋರ್ ತೋಟಾಗಳನ್ನು ಒಂದೇ ಚೀಲದಲ್ಲಿ ಎಂದೂ ಇಡಬಾರದು. 20 ಬೋರ್ ತೋಟಾ 12 ಬೋರ್ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಅದರ ಹಿಂದೆ ಇನ್ನೊಂದನ್ನು ತುಂಬಿ ಹಾರಿಸಿದರೆ ನಳಿಗೆ ಸಿಡಿಯುತ್ತದೆ; 20 ಬೋರ್ ತೋಟಾಗಳನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಬಂದದ್ದೇ ಇದಕ್ಕಾಗಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮನೆಯಲ್ಲಿ ಬೀಗ ಹಾಕಿದ ಉಕ್ಕಿನ ಕಪಾಟು, ತೋಟಾಗಳಿಗೆ ಬೇರೆ ಬೀಗ, ಇವುಗಳ ಖರ್ಚನ್ನು ಕೋವಿಯ ಬೆಲೆಯೊಂದಿಗೇ ಸೇರಿಸಿ ಲೆಕ್ಕ ಹಾಕಬೇಕು.

ಶುಚಿ, ಬಿಡಿಭಾಗ, ಹಳೆಯ ಕೋವಿ

ಗ್ಯಾಸ್ ಕೋವಿಯ ಪಿಸ್ಟನ್, ಸಿಲಿಂಡರ್, ನಳಿಗೆಯ ರಂಧ್ರಗಳು ಮಸಿ ಹಿಡಿಯುತ್ತವೆ. ಕೆಲವು ನೂರು ತೋಟಾಗಳಿಗೊಮ್ಮೆ ಬಿಚ್ಚಿ ಒರೆಸದಿದ್ದರೆ ಮೊದಲು ಹಗುರ ತೋಟಾಗಳು, ಆಮೇಲೆ ಎಲ್ಲವೂ ಸಿಕ್ಕಿಕೊಳ್ಳತೊಡಗುತ್ತವೆ. ಎಣ್ಣೆ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆ ಇಲ್ಲಿ ಕೆಡುಕನ್ನೇ ಮಾಡುತ್ತದೆ, ಎಣ್ಣೆಗೆ ಮಸಿ ಅಂಟಿ ಅಂಟುಪಾಕವಾಗುತ್ತದೆ. ತೆಳು ಪದರ ಸಾಕು. ಕೆಲವು ಮಾದರಿಗಳಲ್ಲಿ ಬೋಲ್ಟನ್ನು ಮುಂದೆ ದೂಡುವ ಸ್ಪ್ರಿಂಗ್ ಸ್ಟಾಕಿನ ಒಳಗಿನ ಕೊಳವೆಯಲ್ಲಿ ಅಡಗಿರುತ್ತದೆ. ಅದನ್ನು ಯಾರೂ ನೋಡುವುದಿಲ್ಲ, ಅಲ್ಲಿಯೇ ತುಕ್ಕು ಹಿಡಿಯುವುದು. ಕೊಳ್ಳುವ ಮುನ್ನ ಕೋವಿಯನ್ನು ಬಿಚ್ಚಿ ಜೋಡಿಸಿ ತೋರಿಸಲು ಅಂಗಡಿಯವರನ್ನು ಕೇಳಬೇಕು, ಸಾಧ್ಯವಾದರೆ ನಾವೇ ಮಾಡಿ ನೋಡಬೇಕು. ಸ್ಪ್ರಿಂಗ್, ರಬ್ಬರ್ ಬಳೆ, ಖಾಲಿ ತೋಟಾವನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಇಂಥ ಸವೆಯುವ ಭಾಗಗಳು ಸುಲಭವಾಗಿ ಸಿಗದ ಕೋವಿ ಎಷ್ಟು ಅಗ್ಗವಾದರೂ ಬೇಡ.

ಬಳಸಿದ ಕೋವಿಯಾದರೆ ದಾಖಲೆಗಳನ್ನೂ ಕ್ರಮಸಂಖ್ಯೆಯನ್ನೂ ತಾಳೆ ನೋಡಿ, ಆಮೇಲೆ ನಳಿಗೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ಒಳಗೆ ಉಂಗುರದಂಥ ನೆರಳು ಕಾಣುತ್ತದೆಯೇ ಎಂದು ಪರೀಕ್ಷಿಸಬೇಕು, ಅದು ಉಬ್ಬಿನ ಗುರುತು. ಚೋಕ್ ಕೈಯಿಂದಲೇ ಬಿಚ್ಚಿಬರಬೇಕು. ಮುಂದಿನ ಹಿಡಿಯ ಮರದಲ್ಲಿ, ಸ್ಟಾಕ್ ಕೋವಿಯ ಮೈಗೆ ಸೇರುವಲ್ಲಿ ಬಿರುಕಿದೆಯೇ, ಮ್ಯಾಗಜೀನ್ ಕೊಳವೆಯ ಮೇಲೆ ಗುಂಡಿಬಿದ್ದ ತುಕ್ಕಿದೆಯೇ ಎಂದು ನೋಡಬೇಕು. ಹೊರಗೆ ಹೊಳೆಯುತ್ತಿದ್ದು ಒಳಗೆ ಮಸಿ ಗಟ್ಟಿಯಾಗಿರುವ ಕೋವಿಗಿಂತ ಹೊರಗೆ ಗೀರುಬಿದ್ದು ಒಳಗೆ ಚೊಕ್ಕಟವಾಗಿರುವುದೇ ಲೇಸು.

ಹಣ ಕೊಡುವ ಮುನ್ನ ಅದೇ ಮಾದರಿಯನ್ನು ಕ್ಲಬ್ಬಿನಲ್ಲಿ ಯಾರದಾದರೂ ಸಮ್ಮತಿಯಿಂದ, ತರಬೇತುದಾರರ ಎದುರಿನಲ್ಲಿ, ಕನಿಷ್ಠ ಒಂದು ಸುತ್ತು ಆಡಿ ನೋಡಬೇಕು. ತಾವು ನಿತ್ಯ ಬಳಸಲಿರುವ ತೋಟಾವನ್ನೇ ಬಳಸಬೇಕು. ಕೊಂಡ ಮೇಲೆ ಮೊದಲ ಕೆಲವು ಪೆಟ್ಟಿಗೆಗಳಿಗೆ ತಯಾರಕರು ಸೂಚಿಸಿದ್ದರೆ ಸ್ವಲ್ಪ ಭಾರದ ತೋಟಾ ಹಾಕಿ ಯಂತ್ರ ಪಳಗಲು ಬಿಡಬೇಕು. ನಂತರ ಮೈದಾನದಲ್ಲಿ, ಚರೆಗಳು ಬಿದ್ದ ಗುರುತು ತೋರಿಸುವ ಪ್ಯಾಟರ್ನ್ ಹಲಗೆಯ ಮುಂದೆ 16 ಗಜ, ಅಂದರೆ ಸುಮಾರು 14.6 ಮೀಟರ್ ದೂರದಲ್ಲಿ ನಿಂತು, ನಿಧಾನವಾಗಿ ಗುರಿಯಿಡದೆ ಸಹಜವಾಗಿ ಎತ್ತಿ ನಡುವಿನ ಚುಕ್ಕೆಗೆ ಐದಾರು ಸಲ ಹಾರಿಸಬೇಕು. ಚರೆಗಳ ಗುಂಪಿನ ನಡುಭಾಗ ಪ್ರತಿ ಸಲವೂ ಒಂದೇ ಕಡೆಗೆ ಸರಿದಿದ್ದರೆ, ಆ ಸರಿದ ದೂರದ ಹದಿನಾರನೇ ಒಂದು ಭಾಗದಷ್ಟು ಸ್ಟಾಕನ್ನು ತಿದ್ದಬೇಕೆಂಬುದು ಬಳಕೆಯ ಸೂತ್ರ: 25 ಮಿ.ಮೀ. ತಪ್ಪಿಗೆ ಸುಮಾರು 1.6 ಮಿ.ಮೀ.ನಷ್ಟು. ಬಿಲ್ಲೆಯನ್ನು ಬದಲಿಸಿ, ಮತ್ತೆ ಅದೇ ದೂರದಿಂದ ಹಾರಿಸಿ, ಗುಂಪು ಚುಕ್ಕೆಯ ಮೇಲೆ ಬರುವವರೆಗೆ ಇದನ್ನು ಮಾಡಬೇಕು. ಹಾಗೆ ಸರಿಬಂದ ಬಿಲ್ಲೆಯ ಮೇಲಿನ ಗುರುತನ್ನು ಒಂದು ಕಡೆ ಬರೆದಿಟ್ಟುಕೊಂಡರೆ ಮುಂದೆ ಸ್ಟಾಕನ್ನು ಬಿಚ್ಚಿದಾಗ ಹುಡುಕಾಡಬೇಕಾಗುವುದಿಲ್ಲ.